‘ಇಂಟರ್‌ಸ್ಟೆಲ್ಲರ್’ನ ಮೆಕ್ಕೆಜೋಳದ ಹೊಲ, ನಮ್ಮ ಅಡಿಕೆ ತೋಟ

ಪ್ರಶ್ನೆ: ಮೇಡಂ, ನಮ್ಮದು ತೀರ್ಥಹಳ್ಳಿ ಕಡೆ ಎರಡು ಎಕರೆ ಅಡಿಕೆ ತೋಟ. ‘ಇಂಟರ್‌ಸ್ಟೆಲ್ಲರ್’ ಸಿನಿಮಾ ಮತ್ತೆ ಥಿಯೇಟರಿಗೆ ಬಂದಾಗ ಬೆಂಗಳೂರಿನಲ್ಲಿ ಓದುತ್ತಿರುವ ತಮ್ಮನ ಜೊತೆ ಹೋಗಿ ನೋಡಿದೆ. ಕಪ್ಪುರಂಧ್ರ, ಕಾಲದ ಲೆಕ್ಕ ಎಲ್ಲ ಅವನಿಗೆ ಹಿಡಿಸಿತು. ನನ್ನ ತಲೆಯಲ್ಲಿ ಉಳಿದದ್ದು ಮೊದಲ ಭಾಗದ ಧೂಳು ಮತ್ತು ಬೆಳೆರೋಗ. ಒಂದು ರೋಗ ಹೀಗೆ ಒಂದಾದ ಮೇಲೊಂದು ಎಲ್ಲ ಬೆಳೆಗಳನ್ನೂ ಮುಗಿಸಬಹುದೆ? ಗಾಳಿಯ ಆಮ್ಲಜನಕವೂ ಇಳಿದು ಜನ ಉಸಿರುಗಟ್ಟಿ ಸಾಯುತ್ತಾರೆ ಅನ್ನುವುದು ನಿಜವೆ? ‘ಬೇಸಾಯದಲ್ಲಿ ಭವಿಷ್ಯ ಇಲ್ಲ ಅಂತ ಸಿನಿಮಾನೇ ಹೇಳ್ತಿದೆ ನೋಡಕ್ಕಾ’ ಅಂತಾನೆ ತಮ್ಮ. ಈ ವರ್ಷ ನಮ್ಮ ತೋಟಕ್ಕೂ ಎಲೆಚುಕ್ಕೆ ಬಂದಿದೆ. ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಸಿನಿಮಾದಲ್ಲಿ ತೋರಿಸಿದ ಹಾಗೆ ಒಂದೇ ರೋಗ ಗೋಧಿ, ಬೆಂಡೆ, ಮೆಕ್ಕೆಜೋಳಗಳನ್ನು ಸಾಲಾಗಿ ಮುಗಿಸುವುದು ಹೆಚ್ಚುಕಡಿಮೆ ಆಗದ ಮಾತು. ಆಮ್ಲಜನಕದ ಮಾತು ಅದಕ್ಕಿಂತಲೂ ದೂರದ್ದು. ಆದರೆ ಒಂದೇ ಬೆಳೆ, ಒಂದೇ ಬಗೆಯ ಬೀಜವನ್ನು ನಂಬಿ ಇಡೀ ದೇಶ ಕೂತರೆ ಏನಾದೀತು ಅನ್ನುವ ಭಯ ಇದೆಯಲ್ಲ, ಅದು ಕಟ್ಟುಕತೆಯಲ್ಲ, ಆಗಿಹೋಗಿರುವ ಸಂಗತಿ. ನಿಮ್ಮ ತಮ್ಮನ ಮಾತಿಗೆ ಆಮೇಲೆ ಬರುತ್ತೇನೆ. ಸಸ್ಯರೋಗಗಳ ಕೆಲಸದಲ್ಲೇ ಮೂವತ್ತು ವರ್ಷ ಕಳೆದ ನನಗೆ ಈ ಸಿನಿಮಾದ ಜೊತೆ ನಿಜವಾದ ಜಗಳ ಇರುವುದು ಅಲ್ಲಿಯೇ.

ನೋಡದವರಿಗಾಗಿ ಕತೆಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಕ್ರಿಸ್ಟೋಫರ್ ನೋಲನ್ ನಿರ್ದೇಶಿಸಿದ ಈ ಚಿತ್ರ ಬಂದದ್ದು 2014ರಲ್ಲಿ. ಕತೆ ಮುಂದೆಂದೋ ನಡೆಯುವಂಥದ್ದು. ಅಮೆರಿಕದ ಹಳ್ಳಿಯೊಂದರಲ್ಲಿ ಕೂಪರ್ ಎಂಬ ಮಾಜಿ ಪೈಲಟ್ ತನ್ನ ಮಾವ ಮತ್ತು ಇಬ್ಬರು ಮಕ್ಕಳ ಜೊತೆ ಬೇಸಾಯ ಮಾಡಿಕೊಂಡಿದ್ದಾನೆ. ಗೋಧಿ ನಾಶವಾಗಿ ವರ್ಷಗಳೇ ಕಳೆದಿವೆ. ಪಕ್ಕದ ರೈತ ಅಂಗಮಾರಿ (ಗಿಡವನ್ನು ಬೇಗ ಒಣಗಿಸಿ ಕೊಳೆಸುವ ರೋಗ, ಇಂಗ್ಲಿಷಿನಲ್ಲಿ ಬ್ಲೈಟ್) ತಗುಲಿದ ಬೆಂಡೆಗೆ ಬೆಂಕಿ ಇಡುತ್ತಿದ್ದಾನೆ. ಬೆಂಡೆಯ ಬೆಳೆ ಇದೇ ಕೊನೆಯದು ಎಂದು ಮಾವ ಹೇಳುತ್ತಾನೆ. ಉಳಿದಿರುವುದು ಮೆಕ್ಕೆಜೋಳ ಒಂದೇ. ಊಟಕ್ಕೆ ಅದೇ, ಬೇಸ್‌ಬಾಲ್ ನೋಡುತ್ತ ಬಾಯಾಡಿಸುವುದಕ್ಕೂ ಅದೇ. ಮನೆಯಲ್ಲಿ ತಟ್ಟೆ ಲೋಟಗಳನ್ನು ಮೇಜಿನ ಮೇಲೆ ಬೋರಲು ಹಾಕಿಯೇ ಇಡುತ್ತಾರೆ, ಇಲ್ಲದಿದ್ದರೆ ಉಣ್ಣುವ ಹೊತ್ತಿಗೆ ಅವುಗಳಲ್ಲಿ ಧೂಳು ಕೂತಿರುತ್ತದೆ. ಗುಟ್ಟಾಗಿ ಉಳಿದುಕೊಂಡಿರುವ ನಾಸಾ ಬೇರೊಂದು ಗ್ರಹ ಹುಡುಕುತ್ತಿದೆ. ಕೂಪರ್ ಆ ನೌಕೆ ಹತ್ತುತ್ತಾನೆ, ಮಗಳು ಮರ್ಫ್ ಇಲ್ಲೇ ಉಳಿಯುತ್ತಾಳೆ. ಆ ಮೇಲಿನ ಬಾಹ್ಯಾಕಾಶದ ಕತೆ ನನ್ನ ವಿಷಯವಲ್ಲ, ಅದನ್ನು ಮುಟ್ಟುವುದಿಲ್ಲ.

ಈಗ ರೋಗದ ಮಾತು. ನಿಮ್ಮ ತೋಟದಲ್ಲೇ ನೋಡಿ. ಆಷಾಢದ ಮಳೆಗೆ ಅಡಿಕೆಗೆ ಕೊಳೆ ಬರುತ್ತದೆ. ಅದೇ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ, ಅದೇ ಕುಲದ ಇನ್ನೊಂದು ರೋಗಾಣುವಿನಿಂದ, ಸೊರಗು ಬರುತ್ತದೆ. ಆದರೆ ಕೆಳಗಿನ ಗದ್ದೆಯ ಭತ್ತ ಹಸಿರಾಗಿಯೇ ಇರುತ್ತದೆ. ಭತ್ತಕ್ಕೆ ಬೆಂಕಿ ರೋಗ ಬಂದ ವರ್ಷ ಅಡಿಕೆ ತನ್ನ ಪಾಡಿಗೆ ತಾನಿರುತ್ತದೆ. ಗಿಡದ ಒಳಗೆ ಹೋಗುವುದು ರೋಗಾಣುವಿಗೆ ಸುಲಭದ ಕೆಲಸವಲ್ಲ. ಎಲೆಯ ಮೇಣ ದಾಟಬೇಕು, ಜೀವಕೋಶದ ಗೋಡೆ ಒಡೆಯಬೇಕು, ಗಿಡ ಎಚ್ಚರಗೊಂಡು ತಿರುಗಿಬೀಳದಂತೆ ಅದರ ರಕ್ಷಣೆಯನ್ನು ಅಡಗಿಸಬೇಕು. ಇದಕ್ಕೆ ಬೇಕಾದ ಹತ್ಯಾರುಗಳು ಒಂದೊಂದು ಗಿಡಕ್ಕೂ ಬೇರೆ ಬೇರೆ. ಬೆಂಡೆ ಹತ್ತಿ, ದಾಸವಾಳಗಳ ಬಳಗದ್ದು. ಗೋಧಿ, ಮೆಕ್ಕೆಜೋಳ ಹುಲ್ಲಿನ ಜಾತಿ. ಈ ಎರಡು ಮನೆತನಗಳ ನಡುವಿನ ಅಂತರ ಎಷ್ಟೆಂದರೆ, ಎರಡನ್ನೂ ಒಂದೇ ಬಿರುಸಿನಲ್ಲಿ ಕೊಲ್ಲುವ ಗಾಳಿರೋಗವನ್ನು ನಾನು ಕಂಡಿಲ್ಲ.

ಹಲವು ಗಿಡಗಳನ್ನು ತಿನ್ನುವ ರೋಗಾಣುಗಳು ಇಲ್ಲವೆಂದಲ್ಲ. ಶೇಂಗಾ, ಟೊಮೆಟೊದಂಥ ನೂರಾರು ಜಾತಿಯ ಗಿಡಗಳ ಬುಡ ಕೊಳೆಸುವ ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರವಿದೆ. ಕೊಳೆತ ಬುಡದ ಸುತ್ತ ಸಾಸಿವೆ ಕಾಳು ಚೆಲ್ಲಿದ ಹಾಗೆ ಅದರ ಗುಂಡುಗಳು ಕಾಣುತ್ತವೆ. ಆದರೆ ಅದು ಮಣ್ಣಿನಲ್ಲಿ ಮಲಗಿರುವ ಜೀವಿ, ಗಾಳಿ ಹತ್ತಿ ದೇಶ ಸುತ್ತುವುದಿಲ್ಲ. ವೇಗವಾಗಿ ಹಾರುವ ರೋಗಾಣು ಹೆಚ್ಚಾಗಿ ಒಂದೇ ಮನೆಗೆ ನುಗ್ಗುತ್ತದೆ, ಹಲವು ಮನೆಗೆ ನುಗ್ಗುವಂಥದ್ದು ಹೆಚ್ಚಾಗಿ ನಿಧಾನ. ಎರಡೂ ಗುಣ ಒಂದರಲ್ಲೇ ಸೇರಿದ್ದು ಸಿನಿಮಾದ ಕಲ್ಪನೆ. ಚಿತ್ರದ ವಿಜ್ಞಾನವನ್ನು ನೋಡಿಕೊಂಡ ಭೌತವಿಜ್ಞಾನಿ ಕಿಪ್ ಥಾರ್ನ್ ಈ ಪ್ರಶ್ನೆಯನ್ನು ಜೀವವಿಜ್ಞಾನಿಗಳ ಮುಂದಿಟ್ಟು ಚರ್ಚಿಸಿದ್ದನ್ನು ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಅವರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಆಗುವ ಸಂಭವ ತೀರಾ ಕಡಿಮೆ, ಆದರೆ ಆಗಲಾರದು ಎಂದು ಆಣೆ ಮಾಡುವಂತಿಲ್ಲ.

ಆಣೆ ಮಾಡಲಾಗದು ಅನ್ನುವುದಕ್ಕೆ ಕಾರಣವಿದೆ. ಭತ್ತ, ರಾಗಿಗಳಿಗೆ ಬೆಂಕಿ ರೋಗ ತರುವ ಶಿಲೀಂಧ್ರದ ಒಂದು ಬಗೆ 1985ರಲ್ಲಿ ಬ್ರೆಜಿಲ್‌ನಲ್ಲಿ ಗೋಧಿಯ ಮೇಲೆ ಕಾಣಿಸಿಕೊಂಡಿತು. ಹುಲ್ಲಿನ ಜಾತಿಯೊಳಗೇ ಒಂದು ಮನೆಯಿಂದ ಇನ್ನೊಂದು ಮನೆಗೆ ಜಿಗಿದಿತ್ತು. 2016ರಲ್ಲಿ ಅದು ಬಾಂಗ್ಲಾದೇಶದಲ್ಲಿ ಸುಮಾರು 15,000 ಹೆಕ್ಟೇರ್ ಗೋಧಿಗೆ ತಗುಲಿತು. ತಳಿಗುಣ ಪರೀಕ್ಷೆ ಮಾಡಿದಾಗ ದಕ್ಷಿಣ ಅಮೆರಿಕದ ರೋಗಾಣುವಿನ ಕುಲದ್ದೇ ಎಂದು ಗೊತ್ತಾಯಿತು. ಸಾಗರ ದಾಟಿ ಬಂದಿತ್ತು. ಅಲ್ಲಿ ರೋಗದ ಗೋಧಿಗೆ ನಿಜವಾಗಿಯೂ ಬೆಂಕಿ ಇಟ್ಟರು. ಗಡಿಯ ಈಚೆಗೆ ಪಶ್ಚಿಮ ಬಂಗಾಳದ ಮುರ್ಶಿದಾಬಾದ್, ನಾಡಿಯಾ ಜಿಲ್ಲೆಗಳಲ್ಲಿ ಗೋಧಿ ಬಿತ್ತನೆಯನ್ನೇ ನಿಲ್ಲಿಸಲಾಯಿತು. ಬೆಂಡೆ ಹೊಲಕ್ಕೆ ಬೆಂಕಿ ಇಡುವ ಮಾತು ಕೇಳಿದಾಗ ನನಗೆ ನೆನಪಾದದ್ದು ಇದೇ.

ಅಂಗಮಾರಿ ಎಂದರೆ ಮಲೆನಾಡಿನವರಿಗೆ ಹೊಸ ಪಾಠ ಬೇಕಿಲ್ಲ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆಯನ್ನು ಕೊಳೆಸಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಫೈಟಾಫ್ತೋರಾ ಎಂಬ ರೋಗಾಣು, ಮತ್ತು ನಿಮ್ಮ ಅಡಿಕೆಯ ಕೊಳೆರೋಗ ತರುವ ಫೈಟಾಫ್ತೋರಾ ದಾಯಾದಿಗಳು. ಕೊಳೆರೋಗ ಎಂಬ ನಮ್ಮ ಮಾತೇ ವಿಜ್ಞಾನದ ಹೆಸರಿನೊಳಗೂ ಸೇರಿದೆ. ಮೈಸೂರು ಸೀಮೆಯ ಕಾಫಿಗೆ ಬಂದ ಇನ್ನೊಂದು ಕೊಳೆತಕ್ಕೆ 1876ರಲ್ಲಿ ಇಟ್ಟ ಲ್ಯಾಟಿನ್ ಹೆಸರು ‘ಪೆಲಿಕ್ಯುಲೇರಿಯ ಕೊಲೆರೋಗ’. ಮೈಸೂರು ಸರ್ಕಾರದ ಕೆಲಸಕ್ಕೆಂದು 1908ರಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆಯ ಬೆನ್ನುಹತ್ತಿ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನು ತೋಟಗಳಿಗೆ ತಂದರು. ಅದಕ್ಕೂ ಮೊದಲು ಕೊನೆಗಳಿಗೆ ಕರಡದ (ಒಣಹುಲ್ಲಿನ) ಕೊಟ್ಟೆ ಕಟ್ಟಿ ಮಳೆ ತಪ್ಪಿಸುತ್ತಿದ್ದರು. ನಾನು ಚಿಕ್ಕವಳಿದ್ದಾಗ ನಮ್ಮಜ್ಜ ಮೈಲುತುತ್ತ, ಸುಣ್ಣ ಕಲಸಿದ ಮೇಲೆ ಉಜ್ಜಿ ಹೊಳಪು ಮಾಡಿದ ಒಂದು ಚೂರಿಯನ್ನು ಆ ನೀಲಿ ನೀರಿನಲ್ಲಿ ಅದ್ದಿ ಹಿಡಿಯುತ್ತಿದ್ದರು. ಚೂರಿಯ ಮೇಲೆ ಕೆಂಪು ಹತ್ತಿದರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು. ಹತ್ತದಿದ್ದರೆ ಹೊಡೆಯಬಹುದು. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಯುವ ಎಷ್ಟೋ ವರ್ಷ ಮೊದಲು ಆ ಚೂರಿಯ ಮೇಲೆ ನಾನದನ್ನು ನೋಡಿದ್ದೆ.

ಸಿನಿಮಾದ ಹೊಲಕ್ಕೆ ತೀರ ಹತ್ತಿರದ ನಿಜಸಂಗತಿ ನಡೆದದ್ದು ಮಾತ್ರ ಅಮೆರಿಕದಲ್ಲೇ, 1970ರಲ್ಲಿ, ಮೆಕ್ಕೆಜೋಳದ ಮೇಲೇ. ಹೈಬ್ರಿಡ್ ಬೀಜ ಮಾಡಬೇಕಾದರೆ ತಾಯಿ ಸಾಲಿನ ಗಿಡಗಳ ತುದಿಯಲ್ಲಿ ಬರುವ ಗಂಡು ಹೂಗೊಂಚಲನ್ನು ಕಿತ್ತುಹಾಕಬೇಕು. ಬೇಸಿಗೆಯಲ್ಲಿ ಸಾವಿರಾರು ಜನ ಸಾಲುಸಾಲಾಗಿ ನಡೆದು ಕೈಯಿಂದ ಮಾಡುವ ಕೆಲಸವದು. ಆ ಖರ್ಚು ಉಳಿಸಲು, ಪರಾಗವೇ ಹುಟ್ಟದ ಟೆಕ್ಸಾಸ್ ಮೂಲದ ಒಂದು ಗುಣವನ್ನು ಬೀಜ ಕಂಪನಿಗಳು ತಮ್ಮ ಬಹುಪಾಲು ತಳಿಗಳಿಗೆ ಸೇರಿಸಿದವು. ಹೊರಗೆ ನೂರು ಹೆಸರಿನ ಚೀಲಗಳು, ಒಳಗೆ ಹೆಚ್ಚಿನವಕ್ಕೆ ಒಂದೇ ಬಸಿರು. 1970ರ ಹೊತ್ತಿಗೆ ದೇಶದ ಸುಮಾರು 85 ಶೇಕಡಾ ಮೆಕ್ಕೆಜೋಳ ಆ ಗುಣದ್ದಾಗಿತ್ತು. ಎಲೆ ಅಂಗಮಾರಿಯ ಒಂದು ಹೊಸ ಬಗೆ ಸರಿಯಾಗಿ ಆ ಗುಣವನ್ನೇ ಹಿಡಿದು ಒಳನುಗ್ಗಿತು. ದಕ್ಷಿಣದಲ್ಲಿ ಹುಟ್ಟಿ ಬೇಸಿಗೆಯ ಒದ್ದೆ ಗಾಳಿಯ ಜೊತೆ ಉತ್ತರಕ್ಕೆ ಏರಿ, ಒಂದೇ ಹಂಗಾಮಿನಲ್ಲಿ ದೇಶದ ಫಸಲಿನ ಸುಮಾರು 15 ಶೇಕಡಾ ಹೋಯಿತು. ಕೆಲವು ಕಡೆ ಹೊಲಕ್ಕೆ ಹೊಲವೇ ಸುಟ್ಟ ಹಾಗಾಯಿತು.

ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಓದಿ, ಸಿನಿಮಾದಲ್ಲಿ ಇಲ್ಲದ್ದು ಇದೇ. ಕಾರಣ ಏನೆಂದು ರೋಗಶಾಸ್ತ್ರಜ್ಞರು ಆಗಲೇ ಗುರುತಿಸಿದ್ದರು. ಬೀಜ ಮಾಡುವವರು ಹಳೆಯ ಗುಣದ ಬೀಜಕ್ಕೆ ಹಿಂದಿರುಗಿದರು. ಜನ ಮತ್ತೆ ಸಾಲಿನಲ್ಲಿ ನಡೆದು ಕೈಯಿಂದಲೇ ಹೂಗೊಂಚಲು ಕಿತ್ತರು. ಒಂದೆರಡು ವರ್ಷದಲ್ಲಿ ಆ ಅಂಗಮಾರಿ ಹಿಂದೆ ಸರಿಯಿತು. ಯಾರೂ ಗ್ರಹ ಬಿಟ್ಟು ಹೋಗಬೇಕಾಗಲಿಲ್ಲ.

ಆಮ್ಲಜನಕದ ಬಗ್ಗೆ ಕೇಳಿದಿರಿ. ಗಾಳಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಸಾರಜನಕ, ರೋಗಾಣು ಅದನ್ನೇ ಉಸಿರಾಡುತ್ತದೆ, ಅದು ಕೊಬ್ಬಿದ ಹಾಗೆ ನಮ್ಮ ಆಮ್ಲಜನಕ ಇಳಿಯುತ್ತದೆ ಎಂದು ಚಿತ್ರದಲ್ಲಿ ನಾಸಾದ ಪ್ರೊಫೆಸರ್ ಬ್ರ್ಯಾಂಡ್ ವಿವರಿಸುತ್ತಾನೆ. ಕೇಳಲು ಚೆನ್ನಾಗಿದೆ, ಆದರೆ ನಿಲ್ಲುವ ಮಾತಲ್ಲ. ಸಾರಜನಕವನ್ನು ಬಳಸುವ ಜೀವಿಗಳು ನಿಮಗೆ ಗೊತ್ತೇ ಇವೆ. ಅಲಸಂದೆ ಗಿಡ ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ, ಒಳಗೆ ಗುಲಾಬಿ ಬಣ್ಣ ಇರುತ್ತದೆ. ಅಲ್ಲಿನ ಬ್ಯಾಕ್ಟೀರಿಯ ಸಾರಜನಕವನ್ನು ಗೊಬ್ಬರವಾಗಿ ಮಾಡುತ್ತದೆ. ಆ ಕೆಲಸದಿಂದ ಅದಕ್ಕೆ ಶಕ್ತಿ ಸಿಗುವುದಿಲ್ಲ, ಬದಲಿಗೆ ವಿಪರೀತ ಶಕ್ತಿ ಖರ್ಚಾಗುತ್ತದೆ. ಅದಕ್ಕೇ ಗಿಡ ಅದಕ್ಕೆ ಸಕ್ಕರೆ ಉಣಿಸಬೇಕು. ಮೇಲಾಗಿ ಆ ಕೆಲಸ ಮಾಡುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಒಳಗಿನ ಗುಲಾಬಿ ಬಣ್ಣ ಇರುವುದೇ ಆಮ್ಲಜನಕವನ್ನು ಹಿಡಿದು ಅಳೆದು ಕೊಡುವುದಕ್ಕೆ. ಸಾರಜನಕ ಉಸಿರಾಡಿ ಕೊಬ್ಬುವ ಅಂಗಮಾರಿ ಎಂದರೆ ಒಲೆಗೆ ಕಲ್ಲು ಹಾಕಿ ಅನ್ನ ಬೇಯಿಸಿದ ಹಾಗೆ.

ಹೋಗಲಿ, ಭೂಮಿಯ ಮೇಲಿನ ಗಿಡಮರವೆಲ್ಲ ಸತ್ತು ಕೊಳೆತೇ ಹೋಯಿತು, ಮಣ್ಣಿನೊಳಗಿನ ಸಾವಯವವೂ ಕರಗಿಹೋಯಿತು ಎಂದೇ ಇಟ್ಟುಕೊಳ್ಳೋಣ. ಗಾಳಿಯಲ್ಲಿರುವ ಆಮ್ಲಜನಕದ ದಾಸ್ತಾನು ಎಷ್ಟು ದೊಡ್ಡದೆಂದರೆ, ಆ ಇಡೀ ಕೊಳೆತಕ್ಕೆ ಅದರ ನೂರರಲ್ಲಿ ಒಂದು ಪಾಲೂ ಸಾಲವಾಗಿ ಬೇಕಾಗುವುದಿಲ್ಲ. ಆದರೆ ಆ ಕೊಳೆತದಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಈಗ ಗಾಳಿಯಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಸಾವು ಬರುವುದಾದರೆ ಆ ದಾರಿಯಿಂದ, ಕಾವಿನ ರೂಪದಲ್ಲಿ. ವಿಚಿತ್ರವೆಂದರೆ, ಪರಿಸರ ಕುಸಿತದ ಇಷ್ಟು ದೊಡ್ಡ ಚಿತ್ರದಲ್ಲಿ ಹವಾಮಾನ ಬದಲಾವಣೆಯ ಮಾತೇ ಇಲ್ಲ. ಎಲ್ಲವೂ ಅಂಗಮಾರಿಯ ತಲೆಗೆ.

ಇದು ನನಗೆ ಸಣ್ಣ ತಪ್ಪಾಗಿ ಕಾಣುವುದಿಲ್ಲ. ಐರ್ಲೆಂಡಿನ ಆಲೂಗಡ್ಡೆಯಂತೆ, ಡಸ್ಟ್ ಬೌಲ್‌ನ ಗೋಧಿಯಂತೆ ಮೆಕ್ಕೆಜೋಳವೂ ಸಾಯುತ್ತದೆ ಎಂದು ಬ್ರ್ಯಾಂಡ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಡಸ್ಟ್ ಬೌಲ್ ಎಂದರೆ 1930ರ ದಶಕದಲ್ಲಿ ಅಮೆರಿಕದ ಬಯಲು ನಾಡಿನಲ್ಲಿ ಧೂಳಿನ ಬಿರುಗಾಳಿಗಳು ಎದ್ದ ಕಾಲ. ಆದರೆ ಅಲ್ಲಿ ಗೋಧಿ ಸತ್ತದ್ದು ರೋಗದಿಂದಲ್ಲ. ಗೋಧಿಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಟ್ರ್ಯಾಕ್ಟರ್ ಹೂಡಿ ಲಕ್ಷಾಂತರ ಎಕರೆ ಹುಲ್ಲುಗಾವಲನ್ನು ಉತ್ತುಹಾಕಿದ್ದರು. ಮಣ್ಣನ್ನು ಹಿಡಿದಿಟ್ಟಿದ್ದ ಬೇರು ಹೋಗಿತ್ತು. ಬರ ಬಂದಾಗ ನೆಲವೇ ಎದ್ದು ಹಾರಿತು. 1935ರ ಏಪ್ರಿಲ್ 14ರ ಭಾನುವಾರ ಹಗಲೇ ಕತ್ತಲಾದ ದಿನವನ್ನು ಅವರು ಇಂದಿಗೂ ‘ಕಪ್ಪು ಭಾನುವಾರ’ ಎನ್ನುತ್ತಾರೆ. ಸಿನಿಮಾದ ಆರಂಭದಲ್ಲಿ ಧೂಳಿನ ಬಗ್ಗೆ ಮಾತಾಡುವ ಮುದುಕ ಮುದುಕಿಯರಿದ್ದಾರಲ್ಲ, ಮರ್ಫ್‌ಳ ಪಾತ್ರ ಮಾಡಿದ ನಟಿಯನ್ನು ಬಿಟ್ಟರೆ ಅವರು ನಟರಲ್ಲ. ಕೆನ್ ಬರ್ನ್ಸ್ 2012ರಲ್ಲಿ ಮಾಡಿದ ಸಾಕ್ಷ್ಯಚಿತ್ರದಲ್ಲಿ ತಮ್ಮ ಬಾಲ್ಯದ ಡಸ್ಟ್ ಬೌಲ್ ನೆನೆದ ಜನ ಅವರು. ಬೋರಲು ಹಾಕಿದ ತಟ್ಟೆಯೂ ಆ ಕಾಲದ ಮನೆಗಳದ್ದೇ. ಚಿತ್ರದಲ್ಲಿ ನನ್ನನ್ನು ಬಹಳ ಕಾಡಿದ್ದು ಆ ಮುಖಗಳು. ಅವರ ನೆನಪನ್ನು ತೆಗೆದುಕೊಂಡ ಚಿತ್ರ, ಆ ಧೂಳೆದ್ದದ್ದು ನೇಗಿಲಿನಿಂದ ಎಂಬುದನ್ನು ಅಲ್ಲೇ ಬಿಟ್ಟುಬಂತು. ಅದೇ 1935ರಲ್ಲಿ ಅಮೆರಿಕ ಮಣ್ಣು ಕಾಯಲೆಂದೇ ಒಂದು ಇಲಾಖೆ ಕಟ್ಟಿ, ಇಳಿಜಾರಿಗೆ ಅಡ್ಡವಾಗಿ ಉಳುವುದನ್ನು, ಗಾಳಿಗೆ ಅಡ್ಡ ಮರದ ಸಾಲು ಬೆಳೆಸುವುದನ್ನು ರೈತರಿಗೆ ಹೇಳಿಕೊಟ್ಟಿತು ಎಂಬುದನ್ನೂ.

ಹಸಿವಿನ ವಿಷಯದಲ್ಲೂ ಹೀಗೇ. 1942ರಲ್ಲಿ ಬಂಗಾಳದ ಭತ್ತಕ್ಕೆ ಕಂದು ಚುಕ್ಕೆ ರೋಗ ಜೋರಾಗಿ ಬಂದಿತ್ತು, ಮರುವರ್ಷ ಕ್ಷಾಮ, ಲಕ್ಷಾಂತರ ಸಾವು. ಕ್ಷಾಮಕ್ಕೆ ಆ ರೋಗವೇ ದೊಡ್ಡ ಕಾರಣ ಎಂದು ವಾದಿಸಿದ ಸಸ್ಯರೋಗ ತಜ್ಞರಿದ್ದಾರೆ. ಅಕ್ಕಿ ಇತ್ತು, ಕೊಳ್ಳುವ ಶಕ್ತಿ ಬಡವರಿಂದ ಜಾರಿಹೋಗಿತ್ತು ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತೋರಿಸಿದರು. ನಾನು ರೋಗಶಾಸ್ತ್ರದವಳಾದರೂ ಸೇನ್ ಮಾತಿಗೆ ಹೆಚ್ಚು ಒಲಿಯುತ್ತೇನೆ. ಐರ್ಲೆಂಡಿನಲ್ಲೂ ಜನ ಸಾಯುತ್ತಿದ್ದಾಗ ಧಾನ್ಯ ಹಡಗು ಹತ್ತುತ್ತಲೇ ಇತ್ತು. ಯಾರ ತಟ್ಟೆಗೆ ಎಷ್ಟು ಎಂಬ ಲೆಕ್ಕವನ್ನು ಶಿಲೀಂಧ್ರ ಬರೆಯುವುದಿಲ್ಲ.

ಈಗ ನಿಮ್ಮ ತಮ್ಮನ ಮಾತು. ಚಿತ್ರದಲ್ಲಿ ಶಾಲೆಯ ದೃಶ್ಯವೊಂದಿದೆ. ನಮ್ಮದು ಕಾಪಾಡಿಕೊಂಡು ಹೋಗುವ ಪೀಳಿಗೆ, ನಮಗೆ ಬೇಕಿರುವುದು ಎಂಜಿನಿಯರುಗಳಲ್ಲ, ರೈತರು ಎನ್ನುತ್ತಾನೆ ಮುಖ್ಯೋಪಾಧ್ಯಾಯ. ಚಂದ್ರನ ಮೇಲೆ ಇಳಿದದ್ದೇ ಸುಳ್ಳು ಎಂದು ಅಲ್ಲಿನ ಪಠ್ಯಪುಸ್ತಕ ಹೇಳುತ್ತದೆ. ಕೂಪರ್‌ಗೆ ಸಿಟ್ಟು ಬರುತ್ತದೆ, ನನಗೂ ಬಂತು. ಪ್ರಶ್ನೆ ಕೇಳುವುದನ್ನೇ ಬಿಟ್ಟ ಸಮಾಜದ ಚಿತ್ರ ಅದು, ಅಷ್ಟು ಸರಿಯಾಗಿದೆ. ಆದರೆ ಅಲ್ಲಿಂದ ಸಿನಿಮಾ ಒಂದು ಹೆಜ್ಜೆ ಜಾರುತ್ತದೆ. ತಲೆ ಎತ್ತಿ ನಕ್ಷತ್ರ ನೋಡುವುದು ಹುಡುಕಾಟ, ತಲೆ ತಗ್ಗಿಸಿ ಮಣ್ಣು ನೋಡುವುದು ಸೋಲು ಎಂದು ಪಾಲು ಹಂಚಿಬಿಡುತ್ತದೆ. ಕಾಪಾಡುವುದು ಎಂಬ ಮಾತು ಅಲ್ಲಿ ಬೈಗುಳದ ಹಾಗೆ ಕೇಳುತ್ತದೆ. ಕೂಪರ್ ಬಲು ಜಾಣ. ಹಾರಿಬಂದ ಭಾರತೀಯ ವಾಯುಪಡೆಯ ಡ್ರೋನ್ ಒಂದನ್ನು ಮೆಕ್ಕೆಜೋಳದ ನಡುವೆ ಅಟ್ಟಿಸಿಕೊಂಡು ಹೋಗಿ ಇಳಿಸಿ ಅದರ ಸೌರಕೋಶ ಬಿಚ್ಚುತ್ತಾನೆ. ಅವನ ಕೈಯಲ್ಲಿ ಲ್ಯಾಪ್‌ಟಾಪ್ ಇದೆ, ಸ್ಪ್ಯಾನರ್ ಇದೆ. ಭೂತಗನ್ನಡಿ ಇಲ್ಲ. ರೋಗದ ಬೆಳೆಯನ್ನು ಗಾಜಿನ ಕೋಣೆಯಲ್ಲಿಟ್ಟು ನೋಡುವ ದೃಶ್ಯ ನಾಸಾದೊಳಗೆ ಒಮ್ಮೆ ಬಂದು ಹೋಗುತ್ತದೆ, ತೀರ್ಪು ಸಾವಿನದು, ಮಾತು ರಾಕೆಟ್ಟಿಗೆ ತಿರುಗುತ್ತದೆ. ಜಗತ್ತನ್ನು ಉಳಿಸುವ ಸಮೀಕರಣ ಗುರುತ್ವದ್ದು. ತಳಿ ಮಾಡುವವರು, ರೋಗ ಹುಡುಕುವವರು ಕತೆಯೊಳಗೆ ಪಾತ್ರವಾಗಿಯೇ ಬರುವುದಿಲ್ಲ.

ಹುಡುಕಾಟ ಮಣ್ಣಿನ ಕಡೆಯೂ ಎಷ್ಟಿದೆ ಎಂದು ತಮ್ಮನಿಗೆ ಎರಡು ಸಂಗತಿ ಹೇಳಿ. 1970ರ ದಶಕದಲ್ಲಿ ಏಷ್ಯಾದ ಭತ್ತಕ್ಕೆ ಗಿಡ್ಡ ಹುಲ್ಲು ನಂಜು ಎಂಬ ವೈರಸ್ ರೋಗ ಅಂಟಿತು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ತನ್ನ ಸಂಗ್ರಹದ 6,000ಕ್ಕೂ ಹೆಚ್ಚು ಮಾದರಿಗಳನ್ನು ಒಂದೊಂದಾಗಿ ಪರೀಕ್ಷಿಸಿತು. ತಡೆಯುವ ಶಕ್ತಿ ಕಂಡದ್ದು ಒಂದೇ ಒಂದರಲ್ಲಿ: ಉತ್ತರ ಪ್ರದೇಶದಲ್ಲಿ ಸಂಗ್ರಹಿಸಿದ್ದ ಒಂದು ಕಾಡುಭತ್ತ, ನಾವು ಗದ್ದೆಯಲ್ಲಿ ಕಂಡರೆ ಕಳೆ ಎಂದು ಕಿತ್ತೆಸೆಯುವಂಥದ್ದು. ಅದರ ಗುಣ ಸೇರಿಸಿದ ಐಆರ್-36 ತಳಿ ಮುಂದೆ ಏಷ್ಯಾದ ಉದ್ದಗಲ ಬೆಳೆಯಿತು.

ಇನ್ನೊಂದು ರಷ್ಯಾದ ಲೆನಿನ್‌ಗ್ರಾಡ್‌ನದು. 1941ರಲ್ಲಿ ಜರ್ಮನ್ ಸೇನೆ ನಗರವನ್ನು ಮುತ್ತಿದಾಗ ಅಲ್ಲಿನ ಬೀಜ ಸಂಗ್ರಹಾಲಯದಲ್ಲಿ ಲೋಕದ ನಾನಾ ಕಡೆಯಿಂದ ತಂದ ಭತ್ತ, ಗೋಧಿ, ಆಲೂಗಡ್ಡೆ, ಶೇಂಗಾ ಇದ್ದವು. ಕಾಯುತ್ತಿದ್ದ ವಿಜ್ಞಾನಿಗಳು ಅವನ್ನು ತಿನ್ನಲಿಲ್ಲ. ಹಲವರು ಹಸಿವಿನಿಂದಲೇ ಸತ್ತರು. ಭತ್ತದ ಸಂಗ್ರಹ ನೋಡಿಕೊಳ್ಳುತ್ತಿದ್ದವರು ಭತ್ತದ ಪೊಟ್ಟಣಗಳ ನಡುವೆ. ಆ ಸಂಗ್ರಹ ಕಟ್ಟಿದ ಸಸ್ಯವಿಜ್ಞಾನಿ ವವಿಲೋವ್ 1943ರಲ್ಲಿ ತಮ್ಮದೇ ಸರ್ಕಾರದ ಸೆರೆಮನೆಯಲ್ಲಿ ತೀರಿಕೊಂಡರು. ತಲೆ ತಗ್ಗಿಸಿ ಬೀಜ ಎಣಿಸಿದವರು ಇವರು. ಕೂಪರ್‌ನ ಸಾಹಸಕ್ಕಿಂತ ಇವರ ಸಾಹಸ ಕಡಿಮೆಯದೆಂದು ನನಗೆ ಯಾರೂ ಒಪ್ಪಿಸಲಾರರು.

ಸಿನಿಮಾ ನೋಡಬೇಡಿ ಎನ್ನುತ್ತಿಲ್ಲ. ಆ ಹೊಲಕ್ಕೆಂದು ಕೆನಡಾದ ಆಲ್ಬರ್ಟಾದಲ್ಲಿ 500 ಎಕರೆ ಮೆಕ್ಕೆಜೋಳವನ್ನು ನಿಜವಾಗಿಯೇ ಬೆಳೆಸಿದರು. ಆ ಹಸಿರು, ಆ ಮೇಲೆ ಏಳುವ ಧೂಳು ಮೈಗೆ ತಾಗುವುದು ಅದಕ್ಕೇ. ಬೇಸಾಯಕ್ಕೆ ಭವಿಷ್ಯವಿಲ್ಲ ಎಂದಲ್ಲ, ಒಂದೇ ಬೆಳೆಗೆ, ಪ್ರಶ್ನೆ ಕೇಳದ ಬೇಸಾಯಕ್ಕೆ ಭವಿಷ್ಯವಿಲ್ಲ ಎಂದು ನಾನದನ್ನು ಓದಿಕೊಂಡಿದ್ದೇನೆ. ತೋಟಕ್ಕೆ ತೋಟ ಅಡಿಕೆಯೇ ಆಗಿ, ಗದ್ದೆಗಳಿಗೂ ಅಡಿಕೆ ಇಳಿದಿರುವ ನಮ್ಮ ಕಡೆ ಆ ಮಾತು ನಾಟಬೇಕು.

ನಿಮ್ಮ ಎಲೆಚುಕ್ಕೆಯ ವಿಷಯ. ಫೋಟೋ ನೋಡಿ ನಾನು ಔಷಧಿ ಹೇಳುವುದಿಲ್ಲ. ಚುಕ್ಕೆ ಈಗಷ್ಟೇ ಶುರುವಾಗಿರುವ ಎಲೆ, ಅರ್ಧ ಒಣಗಿದ ಎಲೆ ಎರಡನ್ನೂ ಕೊಯ್ದು ನ್ಯೂಸ್‌ಪೇಪರಿನಲ್ಲಿ ಸುತ್ತಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಅದೇ ದಿನ ಕೊಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವತು ಬೇರೆ ಬೂಷ್ಟು ಬೆಳೆದು ಅಸಲಿ ರೋಗಾಣು ಸಿಗದೆ ಹೋಗುತ್ತದೆ. ಮೊದಲ ಚುಕ್ಕೆ ಯಾವ ತಿಂಗಳಲ್ಲಿ ಕಂಡಿತು, ತೋಟದ ಯಾವ ಮೂಲೆಯಿಂದ ಹಬ್ಬಿತು, ನೆರಳು ಎಷ್ಟು, ಬಸಿಗಾಲುವೆ ತೆರೆದಿದೆಯೆ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ತಮ್ಮ ರಜೆಗೆ ಊರಿಗೆ ಬಂದಿದ್ದರೆ ಎಲೆ ಕೊಯ್ಯುವಾಗ ಅವನನ್ನೂ ಕರೆದುಕೊಂಡು ಹೋಗಿ, ಚುಕ್ಕೆಯ ಸುತ್ತ ಹಳದಿ ಉಂಗುರ ಇದೆಯೇ ಎಂದು ಭೂತಗನ್ನಡಿ ಹಿಡಿದು ಅವನೇ ನೋಡಲಿ.